ಬೋರ್ಡಿನ ಕೆಳಗಿನ ಸಾಲು

ಫ್ರೆಂಡ್ಸ್, ನನ್ನದೇ ಡ್ಯಾನ್ಸ್ ಕ್ಲಾಸ್ ಶುರುವಾಗುತ್ತಿದೆ! ಮದುವೆಯಾಗಿ ಜಮಖಂಡಿಗೆ ಬಂದು ಎರಡೇ ತಿಂಗಳು, ಮಾವ ಆಗಲೇ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಎಷ್ಟು ಸ್ವೀಟ್ ಅಲ್ಲವಾ!

ಇವತ್ತು ಪೇಂಟರ್ ಬಂದಿದ್ದರು. ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ "ಗುರು ಶಾಂತವ್ವ ಅವರ ಶಿಷ್ಯೆ" ಎಂದು ಬರೆಸಿದೆ. ಹುಬ್ಬಳ್ಳಿಯಲ್ಲಿ, ಇನ್ನೊಬ್ಬರ ಹೆಸರಿನ ಕ್ಲಾಸಿನಲ್ಲಿ, ಹನ್ನೆರಡು ವರ್ಷ ನನಗೆ ಭರತನಾಟ್ಯ ಕಲಿಸಿದವರು ಅವರು. ಮಾವ ಹೊರಗೆ ಬಂದು ಓದಿದರು.

"ಲೋಕಾಪುರ ಕಡೆ ಕೃಷ್ಣ ಪಾರಿಜಾತದ ಬಯಲಾಟದಾಗ ಕುಣೀತಿದ್ದ ಶಾಂತವ್ವನ ಏನು?"

"ಹೌದ್ರಿ ಮಾಮಾ, ಅವರ!" ಎಂದೆ, ಖುಷಿಯಿಂದ.

"ಅದನ್ನ ಅಳಸು."

ಪೇಂಟರ್ ಬ್ರಷ್ ಹಿಡಿದೇ ನಿಂತರು. "ಸಾವ್ಕಾರ್ರ, ನೀವು ಮುಂದ ಕುಂತು ನೋಡ್ತಿದ್ರಲ್ರಿ. ನಾ ನಿಮ್ಮ ಹಿಂದ ಇದ್ದೆ."

"ನೋಡೂದು ಬ್ಯಾರೆ, ಮನಿ ಬಾಗಲಕ್ಕ ಹೆಸರು ಹಚ್ಚೂದು ಬ್ಯಾರೆ. ಬೆಂಗಳೂರಾಗ ಕಲತಾಳಂತ ಬರಿ."

ಬೆಂಗಳೂರಿನಲ್ಲಿ ನಾನು ಮಾಡಿದ್ದು ಹದಿನೈದು ದಿನದ ವರ್ಕ್‌ಶಾಪ್. ಹೇಳಲು ಬಾಯಿ ತೆರೆದೆ. ಕೋಣೆ ಅವರದು ಎಂಬುದು ನೆನಪಾಯಿತು. ಪೇಂಟರ್ ಆ ಸಾಲಿನ ಮೇಲೆ ಬಿಳಿ ಬಣ್ಣ ಬಳಿದರು.

ಅಷ್ಟರಲ್ಲಿ ಶಾಂತವ್ವ ಟೀಚರ್ ಫೋನ್. ಭಾನುವಾರ ಕ್ಲಾಸಿನ ಉದ್ಘಾಟನೆಗೆ ದೀಪ ಹಚ್ಚಲು ನಾನೇ ಅವರನ್ನು ಕರೆದಿದ್ದೇನೆ.

"ಬೋರ್ಡ್ ಆತೇನವಾ? ಫೋಟೋ ಕಳಸು. ನನ್ನ ಹೆಸರು ಬೋರ್ಡಿನ ಮ್ಯಾಲ ಬರೂದು ಇದ ಮೊದಲು."

"ಬಣ್ಣ ಇನ್ನಾ ಆರಿಲ್ರಿ ಟೀಚರ್" ಎಂದೆ.

ಸುಳ್ಳೇನೂ ಹೇಳಲಿಲ್ಲ. ಆದರೆ ಈ ಬಿಸಿಲಿಗೆ ಅದು ಆರಲು ಒಂದು ಗಂಟೆ ಸಾಕು, ಮತ್ತು ಟೀಚರ್ ಭಾನುವಾರ ಹುಬ್ಬಳ್ಳಿ ಪ್ಯಾಸೆಂಜರಿಗೆ ಬಂದು ಬಾಗಲಕೋಟೆಯಲ್ಲಿ ಇಳಿದು, ಬಸ್ಸು ಹಿಡಿದು ಈ ಬೋರ್ಡಿನ ಮುಂದೆಯೇ ಬರುತ್ತಾರೆ.