ಹೆಲ್ಮೆಟ್ ಹಿಡಿದ ಕೈಗಳು

ಶನಿವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನನ್ನ ಮಗ ಬಿದ್ದ. ಎದುರಾಳಿಯನ್ನು ತಡೆಯಲು ತಲೆ ತಗ್ಗಿಸಿ ನುಗ್ಗಿದವನು ಅಂಗಾತ ಬಿದ್ದು ಹಾಗೇ ಉಳಿದ. ನಾನು ಆಗಷ್ಟೇ ಗಡಿಯಾರ ನೋಡಿದ್ದೆ. ಪಂದ್ಯ ಮುಗಿದ ಮೇಲೆ ಲಿಟಲ್ ಇಂಡಿಯಾ ಪೇಟೆಗೆ ಹೋಗಿ ಸೊಪ್ಪು ತರುವುದಿತ್ತು.

ಮಗ ಓದುತ್ತಿದ್ದ ಸಣ್ಣ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವವರನ್ನೆಲ್ಲ ಕೂಡಿಸಿದರೂ ಒಂದು ತಂಡವಾಗುವುದು ಕಷ್ಟ. ಅವರ ಕೋಚ್ ಅಮೆರಿಕದವರು, ಅರವತ್ತು ದಾಟಿದವರು. ಅಲ್ಲೂ ಸಣ್ಣ ಕಾಲೇಜುಗಳಲ್ಲೇ ಕಲಿಸಿದವರು. ಮೈದಾನಕ್ಕೆ ಬಿಳಿ ಗೆರೆ ಎಳೆಯುವುದು, ಜೆರ್ಸಿ ಒಗೆಯುವುದು, ತಂಡದ ಬಸ್ಸು ಓಡಿಸುವುದು ಎಲ್ಲ ಅವರದೇ ಆಗಿತ್ತಂತೆ. ಹೆಂಡತಿಯ ಊರೆಂದು ಸಿಂಗಾಪುರಕ್ಕೆ ಬಂದು ನೆಲೆಸಿದ್ದರು.

ಪ್ರತಿ ವರ್ಷ ಅಭ್ಯಾಸದ ಮೊದಲ ದಿನ ಅವರು ಯಾರಿಗೂ ಚೆಂಡು ಮುಟ್ಟಲು ಬಿಡುತ್ತಿರಲಿಲ್ಲ. ಒಬ್ಬ ಮಲಗಬೇಕು, ಇನ್ನೊಬ್ಬ ಅವನ ತಲೆ ಹಿಡಿಯಬೇಕು, ಉಳಿದವರೆಲ್ಲ ಹಿಂದೆ ಸರಿದು ಮಂಡಿಯೂರಬೇಕು. ಅಷ್ಟೇ ಪಾಠ. ಅದನ್ನು ನೋಡಿದ ನನ್ನ ಗಂಡ, "ಶವಾಸನ ಕಲಿಸೋಕೆ ಅಮೆರಿಕದಿಂದ ಬರಬೇಕಿತ್ತಾ ಈ ಪುಣ್ಯಾತ್ಮ?" ಎಂದು ನಗಿಸಿದ್ದರು.

ಈಗ ಗಂಡನೇ ನೀರಿನ ಬಾಟಲಿ ಹಿಡಿದು ಓಡಿದರು. ಹಿಂದೆಯೇ ನಾನು. ನಮ್ಮಲ್ಲಿ ಯಾರು ಬಿದ್ದರೂ ಮೊದಲು ಎತ್ತಿ ಕೂರಿಸಿ ಮುಖಕ್ಕೆ ನೀರು ಚಿಮುಕಿಸುತ್ತೇವೆ; ಯೋಚಿಸಿ ಮಾಡುವ ಕೆಲಸವಲ್ಲ ಅದು.

"ಹೆಲ್ಮೆಟ್ ತೆಗೀರೋ! ಉಸಿರು ಕಟ್ತಿದೆ ಅವನಿಗೆ!" ಎಂದು ಗಂಡ ಕೂಗಿದರು.

ಹುಡುಗರೆಲ್ಲ ಆಗಲೇ ಹಿಂದೆ ಸರಿದು ಮಂಡಿಯೂರಿದ್ದರು. ಕೋಚ್ ಹುಲ್ಲಿನ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಎರಡೂ ಅಂಗೈಗಳಲ್ಲಿ ಮಗನ ಹೆಲ್ಮೆಟ್ ಹಿಡಿದಿದ್ದರು. ಗಂಡ ಕೈ ಚಾಚಿದಾಗ ಕೋಚ್ ಗದರಿದ ದನಿ ಈಗಲೂ ಕಿವಿಯಲ್ಲಿದೆ: ಮುಟ್ಟಬೇಡಿ. ಮರುಕ್ಷಣವೇ ಮೆತ್ತಗೆ, ಪಾದ ಆಡಿಸು ಎಂದು ಮಗನಿಗೆ ಹೇಳಿದರು. ನಾನು ಆ ಬೂಟುಗಳನ್ನೇ ನೋಡಿದೆ. ಅವು ಅಲುಗಲಿಲ್ಲ.

ಮಳೆ ಸುರಿಯತೊಡಗಿತು. ಕೊಡೆ ಹಿಡಿಯಿರಿ, ನನಗಲ್ಲ, ಅವನ ಮುಖಕ್ಕೆ ಎಂದರು ಕೋಚ್. ನನ್ನ ಗಂಡ ಬಾಟಲಿ ಬಿಸಾಕಿ ಕೊಡೆ ಹಿಡಿದು ನಿಂತರು. ಕೋಚ್‌ನ ಬೆನ್ನ ಮೇಲಿಂದ ನೀರು ಹರಿಯುತ್ತಿತ್ತು. ಕೈಗಳು ಮಾತ್ರ ಕೂದಲೆಳೆಯಷ್ಟೂ ಸರಿಯಲಿಲ್ಲ.

"ಅಳಬೇಡ ಲಾ ಅಮ್ಮಾ," ಎಂದ ಮಗ, ಸಿಂಗಾಪುರದವರ ಹಾಗೆ ಮಾತಿಗೊಂದು 'ಲಾ' ಸೇರಿಸಿ. "ಕೋಚ್ ಬಾಯಿಂದ ಬೆಳ್ಳುಳ್ಳಿ ವಾಸನೆ ಬರ್ತಿದೆ. ಅದೇ ಕಷ್ಟ."

ಆಂಬುಲೆನ್ಸಿನವರು ತಲೆಯನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೂ ಕೋಚ್‌ನ ಬೆರಳುಗಳು ಹೆಲ್ಮೆಟ್ಟಿನ ಆಕಾರದಲ್ಲೇ ಸೆಟೆದು ನಿಂತಿದ್ದವು.

ಕತ್ತಿನ ಮೂಳೆ ಮುರಿದಿತ್ತು. ಒಳಗಿನ ನರ ಪೆಟ್ಟು ತಿಂದಿದ್ದರೂ ತುಂಡಾಗಿರಲಿಲ್ಲ. ಎತ್ತಿ ಕೂರಿಸಿದ್ದರೆ ಏನೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನನ್ನ ಗಂಡ ಗೋಡೆಗೆ ಒರಗಿ ಕೂತರು. ಪಕ್ಕದಲ್ಲಿ ಕೂತ ಕೋಚ್, ತಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಆಟಗಾರ ಹೀಗೇ ಬಿದ್ದ ಕತೆ ಹೇಳಿದರು. ಎಲ್ಲರೂ ಪ್ರೀತಿಯಿಂದ ಅವನನ್ನು ಎತ್ತಿದರು. ಅವನು ಮತ್ತೆ ನಡೆಯಲಿಲ್ಲ. ಅಂದಿನಿಂದ ಮೊದಲ ದಿನದ ಪಾಠ ಅದೇ ಆಯಿತಂತೆ.

ಮರುದಿನ ಮಗನ ಎಡಗಾಲಿನ ಹೆಬ್ಬೆರಳು ಮಿಸುಕಿತು. ಅವನು ಮನೆಗೆ ಬಂದ ಮೇಲೂ ರಾತ್ರಿ ನಾನು ಪದೇ ಪದೇ ಎಚ್ಚರಾಗಿ, ಹೋಗಿ ಅವನ ಪಾದ ಸವರಿ ನೋಡುತ್ತಿದ್ದೆ. ಒಮ್ಮೊಮ್ಮೆ ಗಂಡ ನನಗಿಂತ ಮೊದಲೇ ಅಲ್ಲಿರುತ್ತಿದ್ದರು.

ತಿಂಗಳುಗಳು ಕಳೆದು ಕತ್ತಿನ ಪಟ್ಟಿ ತೆಗೆದ ದಿನ ಕೋಚ್ ಬಿಶಾನ್‌ನ ನಮ್ಮ ಮನೆಗೆ ಬಂದು ದೋಸೆ ತಿಂದರು. ಹೊರಟಾಗ ಮಗ ಲಿಫ್ಟ್ ಬೇಡವೆಂದು ಅವರೊಂದಿಗೆ ಮೆಟ್ಟಿಲಿಳಿದು ಕಟ್ಟಡದ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್‌ವರೆಗೂ ಹೋದ. ಅವನು ವಾಪಸು ಹತ್ತಿ ಬರುವ ಹೆಜ್ಜೆಸದ್ದನ್ನು ನಾವಿಬ್ಬರೂ ಬಾಗಿಲಲ್ಲಿ ನಿಂತು ಕೇಳಿದೆವು. ಅಂದು ರಾತ್ರಿ ಬೆಳಗಾಗುವವರೆಗೂ ಯಾರಿಗೂ ಎಚ್ಚರವಾಗಲಿಲ್ಲ.