ಅರ್ಧಕ್ಕೆ ನಿಂತ ಅಪ್‌ಗ್ರೇಡು, ತಾತನ ನೂರ ನಲವತ್ತು ಪುಟ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಇವೇ ನನ್ನ ಕೆಲಸ. ಒಂದೇ ಕಾರ್ಡಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೇಕು ಅನ್ನುವವರು ನಮ್ಮ ಕಡೆ ಬಹಳ. ಊರು ಬೂದಿಕೋಟೆ ಹತ್ತಿರದ ಹಳ್ಳಿ. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬರುತ್ತೇನೆ.

ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಸಿಗುವ ಸಿಸ್ಟಂ ಹಾಕಿದವಳು ನಾನೇ. ಮೊದಲಿದ್ದ ಸಿಸ್ಟಂ ಆ ಹಳೆಯ ಯಂತ್ರಕ್ಕೆ ಭಾರವಾಗಿ, ಒಂದು ಪುಟ ತೆರೆಯುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಪಕ್ಕದ ಕಾಲೇಜಿನಲ್ಲಿ ಎರಡು ದಿನದ ತರಬೇತಿ ನಡೆದಾಗ ಹೋಗಿ ಕೂತು, ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ತುಂಬಿಸಿಕೊಂಡು ಬಂದು, ಹೆದರುತ್ತಾ ಹೆದರುತ್ತಾ ಹಾಕಿದ್ದೆ. ಅದಾದ ಮೇಲೆ ಕಲಿತದ್ದೆಲ್ಲ ಒಬ್ಬಳೇ. ಯಾವ ತೊಂದರೆಗೆ ಯಾವ ಕಮಾಂಡು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಪ್ರತಿ ಗುರುವಾರ ಹತ್ತೂವರೆಗೆ ಚಿನ್ನದ ಗಣಿಯ ಕಡೆಯ ಚಾಂಪಿಯನ್ ರೀಫ್ಸ್‌ನಿಂದ ಒಬ್ಬರು ತಾತ ಬರುತ್ತಿದ್ದರು. ಮಾರಿಕುಪ್ಪಂ ರೈಲಿನಲ್ಲಿ ಬಂದು ಇಳಿದು, ನಡೆದೇ ಅಂಗಡಿಗೆ ಬಂದು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ನಮ್ಮ ಕಡೆಯ ಹಳ್ಳಿಯಿಂದಲೇ ಹದಿನೆಂಟನೆಯ ವಯಸ್ಸಿನಲ್ಲಿ ಚಿನ್ನದ ಗಣಿಗೆ ಸೇರಿದವರು. ಆಳುಗಳನ್ನು ನೆಲದೊಳಕ್ಕೆ ಇಳಿಸಿ ಮೇಲಕ್ಕೆ ಎತ್ತುವ ಪಂಜರಕ್ಕೆ ಗಂಟೆ ಹೊಡೆದು ಸೂಚನೆ ಕೊಡುವುದು ಅವರ ಕೆಲಸವಾಗಿತ್ತು. ಎಷ್ಟು ಗಂಟೆ ಹೊಡೆದರೆ ಇಳಿಸಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಒಳಗೆ ಮನುಷ್ಯರಿದ್ದರೆ ಎಷ್ಟು, ಎಲ್ಲಕ್ಕೂ ಲೆಕ್ಕ. ಅದಕ್ಕೇ ಏನೋ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ತಮ್ಮ ಬದುಕಿನ ಕಥೆಯನ್ನು ಮೊಮ್ಮಕ್ಕಳಿಗಾಗಿ ಪುಸ್ತಕ ಮಾಡಿಸಬೇಕೆಂದು ಆಸೆಪಟ್ಟಿದ್ದರು. ಕಣ್ಣು ಮಂಜು, ಬರೆಯಲು ಆಗದು. ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಆಮೇಲೆ ಓದಿ ಹೇಳುತ್ತಿದ್ದೆ, ಅವರು ತಿದ್ದಿಸುತ್ತಿದ್ದರು. ಹೀಗೆ ಏಳು ತಿಂಗಳಿಗೆ ನೂರ ನಲವತ್ತು ಪುಟ ಆಗಿತ್ತು. ಒಂದೇ ಒಂದು ಅಧ್ಯಾಯ ಬಾಕಿ.

ಆದರೆ ಒಂದು ತೊಡಕಿತ್ತು. ನನ್ನ ಹಳೆಯ ಲಿನಕ್ಸಿನಲ್ಲಿ ಪಿಡಿಎಫ್ ಮಾಡಿದಾಗ ಅರ್ಕಾವತ್ತು ಅಕ್ಷರದಿಂದ ಕಳಚಿ ಆಚೆ ಹೋಗಿ ನಿಲ್ಲುತ್ತಿತ್ತು. ಕಾರ್ಡಿನಲ್ಲಿ ಒಂದೆರಡು ಇದ್ದರೆ ಹೇಗೋ ಕೈಯಲ್ಲಿ ಸರಿಮಾಡುತ್ತಿದ್ದೆ. ತಾತನ ಪುಸ್ತಕದಲ್ಲಿ ಪುಟಕ್ಕೆ ಹತ್ತು ಸಲ ‘ಕಾರ್ಮಿಕ’ ಬರುತ್ತದೆ. ಹೊಸ ಆವೃತ್ತಿಯಲ್ಲಿ ಇದು ಸರಿಹೋಗಿದೆ ಎಂದು ಎಲ್ಲೋ ಓದಿದೆ. ಪ್ರೆಸ್ಸಿಗೆ ಕೊಡುವುದು ಶನಿವಾರ. ಗುರುವಾರ ಒಂದು ಬಸ್ಸು ಮುಂಚೆ ಬಂದು, ತಾತ ಬರುವಷ್ಟರಲ್ಲಿ ಅಪ್‌ಗ್ರೇಡ್ ಮುಗಿಸಿಬಿಡೋಣ ಎಂದು ಶುರು ಮಾಡಿದೆ.

ಒಂಬತ್ತೂವರೆಯ ಸುಮಾರಿಗೆ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಬದಲಾಯಿಸಬೇಕು ಎಂದು ಮೂರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಅದು ನಾಲ್ಕು ಸಲ ಕೀ ಕೀ ಎಂದು ಕೂಗಿ ಸುಮ್ಮನಾಯಿತು. ಹೊಸ ಸಿಸ್ಟಂ ಅರ್ಧ ಇಳಿದಿತ್ತು, ಹಳೆಯದು ಅರ್ಧ ಕಿತ್ತುಹೋಗಿತ್ತು.

ಹತ್ತು ನಿಮಿಷಕ್ಕೆ ಕರೆಂಟು ಬಂತು. ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ, ‘ಕರ್ನಲ್ ಪ್ಯಾನಿಕ್’ ಎಂದು ನಿಂತವು. ಅಂದರೆ ಸಿಸ್ಟಮ್ಮಿನ ಜೀವಾಳವೇ ಎಚ್ಚರವಾಗುತ್ತಿಲ್ಲ. ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿದೆ. ಅದು ಸ್ವಲ್ಪ ದೂರ ಬಂದು, ಒಂದು ಸಾಲಿನ ಹತ್ತಿರ ಹೂತುಕೊಂಡ ಹಾಗೆ ನಿಂತುಬಿಟ್ಟಿತು. ತಾತನ ಫೈಲನ್ನು ನಾನು ಬೇರೆ ಕಡೆ ನಕಲು ಮಾಡಿಟ್ಟಿದ್ದದ್ದು ಐವತ್ತು ಪುಟ ಆಗಿದ್ದಾಗ. ಉಳಿದ ತೊಂಬತ್ತು ಪುಟ ಇದ್ದದ್ದು ಇದೊಂದರಲ್ಲೇ.

ಅಷ್ಟರಲ್ಲಿ ತಾತ ಬಂದು ಕೂತರು. ಮುಚ್ಚಿಡುವುದು ಸರಿ ಅನ್ನಿಸಲಿಲ್ಲ. ಬೆಳಿಗ್ಗೆಯಿಂದ ಆದದ್ದನ್ನೆಲ್ಲ ಹೇಳಿದೆ, ತಪ್ಪು ನನ್ನದು ಎಂದೂ ಹೇಳಿದೆ. ಅವರು ಬೈಯಲಿಲ್ಲ. ಪರದೆಯ ಕಡೆ ನೋಡಿ ಕೇಳಿದರು:

“ಒಳಗಿರೋದು ಓಯ್ತಾ ಅಮ್ಮಣ್ಣಿ, ಇಲ್ಲಾ ಒಳಕ್ಕೋಗೋ ದಾರಿ ಕಟ್ಕೊಂಡೈತಾ?”

ಇದನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. ಕರೆಂಟು ಹೋದಾಗ ನಡೆಯುತ್ತಿದ್ದದ್ದು ಸಿಸ್ಟಮ್ಮಿನ ಫೈಲುಗಳ ಕೆಲಸ. ನನ್ನ ಫೈಲುಗಳಿರುವ ಜಾಗವನ್ನು ಅದು ಮುಟ್ಟುವುದೇ ಇಲ್ಲ.

“ದಾರಿ ತಾತ. ದಾರಿ ಮಾತ್ರ ಅನ್ಸುತ್ತೆ,” ಅಂದೆ.

“ಅಂಗಾದ್ರೆ ಅವಸರ ಬೇಡ. ಬ್ಯಾರೆ ದಾರೀಲಿ ಇಳಿ.”

ಬೇರೆ ದಾರಿ ಇತ್ತು. ಮೊದಲ ಸಲ ಲಿನಕ್ಸ್ ಹಾಕಿದ್ದ ಆ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಬಹುದು. ಹಾರ್ಡ್‌ಡಿಸ್ಕಿನ ಸಿಸ್ಟಂ ಮಲಗಿದ್ದರೂ ಪೆನ್‌ಡ್ರೈವಿನ ಮೇಲೆ ನಿಂತು ಡಿಸ್ಕಿನೊಳಗೆ ಇಣುಕಬಹುದು. ಆದರೆ ಅದು ಊರಿನಲ್ಲಿ, ಬೀರುವಿನಲ್ಲಿತ್ತು. ಮನೆಗೆ ಫೋನ್ ಮಾಡಿ ಅತ್ತೆಗೆ ಹೇಳಿದೆ. ಅವರು ಬೀರುವಿನ ಬಾಗಿಲು ತೆಗೆಯುವ ಶಬ್ದ ಕೇಳಿಸಿತು.

“ಇಲ್ಲಿ ಮೂರೈತೆ ಕಣಮ್ಮ. ಒಂದು ಕರ್ರಗೈತೆ, ಒಂದು ಕೆಂಪಗೈತೆ, ಇನ್ನೊಂದಕ್ಕೆ ದಾರ ಕಟ್ಟೈತೆ. ಯಾವ್ದು?”

ನನಗೆ ನೆನಪಿರಲಿಲ್ಲ.

“ಮೂರ್ನೂ ಬಸ್ಸಿಗೆ ಕೊಟ್ ಕಳಿಸ್ತೀನಿ, ಯಾವ್ದ್ರಾಗೈತೋ ನೀನೇ ನೋಡ್ಕೋ. ಊಟಾನೂ ಇಟ್ಟಿರ್ತೀನಿ, ಬೆಳಿಗ್ಗೆ ಬಿಟ್ಟೋಗಿದ್ಯಲ್ಲ,” ಅಂದರು.

ನಮ್ಮೂರ ಬಸ್ಸಿನ ಕಂಡಕ್ಟರು ಔಷಧಿ, ಜಾತಕ, ಮರೆತುಬಂದ ಕನ್ನಡಕ ಎಲ್ಲವನ್ನೂ ತಂದು ಮುಟ್ಟಿಸುವ ಮನುಷ್ಯ. ತಾತನನ್ನು ಅಂಗಡಿಯಲ್ಲಿ ಕೂರಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಇನ್ನೂ ತಿರುವಿನಲ್ಲಿದ್ದಾಗಲೇ ಎದ್ದು ನಿಂತಿದ್ದೆ. ಕಂಡಕ್ಟರು ಕಿಟಕಿಯಿಂದಲೇ ಊಟದ ಡಬ್ಬಿ ಕೊಟ್ಟರು. ಒಳಗೆ ಮುದ್ದೆ, ಬಸ್ಸಾರು, ಅದರ ಪಕ್ಕ ಒಂದು ಕುಂಕುಮದ ಭರಣಿ. ಭರಣಿಯೊಳಗೆ ಹತ್ತಿಯಲ್ಲಿ ಸುತ್ತಿದ ಮೂರು ಪೆನ್‌ಡ್ರೈವ್. ನೀರು ತಗುಲದಿರಲಿ ಎಂದು ಅತ್ತೆ ಅಷ್ಟು ಜೋಪಾನ ಮಾಡಿದ್ದರು. ಅಂಗಡಿಗೆ ನಡೆದು ಬಂದೆನೋ ಓಡಿ ಬಂದೆನೋ ಗೊತ್ತಿಲ್ಲ. ತಾತ ಮಾತ್ರ ಬಾಗಿಲಿಗೇ ಬಂದು ನಿಂತಿದ್ದರು.

ಕೆಂಪು ಪೆನ್‌ಡ್ರೈವ್ ಹಾಕಿದೆ. ಯಂತ್ರ ಅದನ್ನು ಗಮನಿಸಲೇ ಇಲ್ಲ. ಕಪ್ಪಗಿರುವುದನ್ನು ಹಾಕಿದೆ. ಅದೂ ಅಲ್ಲ. ದಾರ ಕಟ್ಟಿದ್ದನ್ನು ಚುಚ್ಚಿ ಆನ್ ಮಾಡಿದಾಗ ಪರದೆ ಒಂದು ಕ್ಷಣ ಕಪ್ಪಾಯಿತು, ಆಮೇಲೆ ನಡುವೆ ಒಂದು ಚಿಕ್ಕ ಚಕ್ರ ತಿರುಗಲು ಶುರುವಾಯಿತು. ಬಣ್ಣದ ಡೆಸ್ಕ್‌ಟಾಪ್ ಅರಳಿ ನಿಂತಿತು.

ಡಿಸ್ಕನ್ನು ತೆರೆದೆ. ನನ್ನ ಫೋಲ್ಡರು, ಅದರೊಳಗೆ ಕಾರ್ಡುಗಳ ಸಾಲು, ಅದರ ಕೆಳಗೆ ತಾತನ ಫೈಲು. ಎರಡು ಸಲ ಒತ್ತಿದೆ. ತೆರೆಯಿತು. ಸರ್ರನೆ ಕೊನೆಗೆ ಹೋದೆ. ಪುಟ ನೂರ ನಲವತ್ತು. ಕೊನೆಯ ಪ್ಯಾರಾ ಜೋರಾಗಿ ಓದಿದೆ. ಹೋದ ವಾರ ತಾತ ಹಳೆಯದನ್ನು ನೆನೆದು ಬರೆಸಿದ್ದು: ಮೊದಲ ಸಲ ಪಂಜರದಲ್ಲಿ ಕೆಳಗಿಳಿದಾಗ ಪಕ್ಕದಲ್ಲಿದ್ದ ತಮಿಳು ಹುಡುಗ ತಾತನ ಕೈ ಹಿಡಿದುಕೊಂಡದ್ದು, ಮೇಲೆ ಬರುವವರೆಗೂ ಬಿಡದೇ ಇದ್ದದ್ದು. ತಾತ ಕಣ್ಣು ಮುಚ್ಚಿಕೊಂಡು ಕೇಳಿದರು. “ಐತೆ,” ಅಂದರು, ಅಷ್ಟೇ.

ಮೊದಲು ಆ ಫೈಲನ್ನು ಕೆಂಪು ಪೆನ್‌ಡ್ರೈವಿಗೂ ಕಪ್ಪು ಪೆನ್‌ಡ್ರೈವಿಗೂ ಎರಡಕ್ಕೂ ನಕಲು ಮಾಡಿದೆ. ಆಮೇಲೆ ನೆಮ್ಮದಿಯಾಗಿ ಊಟಕ್ಕೆ ಕೂರಬಹುದಿತ್ತು. ಕೂರಲು ಮನಸ್ಸಾಗಲಿಲ್ಲ. ಮೈಯಲ್ಲಿ ಏನೋ ಹುರುಪು ಹೊಕ್ಕಿತ್ತು. ಯಂತ್ರವನ್ನು ಯಾರಿಗಾದರೂ ಕೊಟ್ಟು ಎಲ್ಲ ಅಳಿಸಿ ಹೊಸದಾಗಿ ಹಾಕಿಸುವುದು ಸುಲಭ. ಆದರೆ ಅರ್ಧಕ್ಕೆ ನಿಂತದ್ದನ್ನು ನಾನೇ ಪೂರ್ತಿ ಮಾಡಬಹುದು ಎಂದು ನೋಟ್‌ಬುಕ್ಕು ಹೇಳುತ್ತಿತ್ತು. ಆ ಪುಟವನ್ನು ಎರಡು ವರ್ಷದ ಹಿಂದೆ ಬರೆದುಕೊಂಡಿದ್ದೆ, ಒಂದು ಸಲವೂ ಬಳಸಿರಲಿಲ್ಲ.

ತಾತನಿಗೆ ರೈಲಿನ ಹೊತ್ತಾಗುತ್ತದಲ್ಲ ಎಂದೆ. ಮುಂದಿನದಕ್ಕೆ ಹೋಗುತ್ತೇನೆ, ನೀನು ಮಾಡು ಎಂದು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಕೆಲಸ ಹೀಗಿತ್ತು: ಪೆನ್‌ಡ್ರೈವಿನ ಸಿಸ್ಟಂ ಮೇಲೆ ನಿಂತುಕೊಂಡೇ ಡಿಸ್ಕಿನಲ್ಲಿ ಮಲಗಿರುವ ಸಿಸ್ಟಮ್ಮಿನ ಒಳಗೆ ಹೋಗಬೇಕು, ಅದರ ಹೆಸರಿನಲ್ಲೇ ಕಮಾಂಡು ಕೊಡಬೇಕು. ನಾಲ್ಕು ಸಾಲು ಟೈಪ್ ಮಾಡಿ ಒಳಗೆ ಹೋದೆ. ಫೋನಿನ ಇಂಟರ್‌ನೆಟ್ಟನ್ನು ಕೇಬಲ್ಲಿನಿಂದ ಕೊಟ್ಟೆ. ಅರ್ಧ ಕೂತಿರುವ ಪ್ಯಾಕೇಜುಗಳನ್ನೆಲ್ಲ, ಅಂದರೆ ಸಿಸ್ಟಮ್ಮಿನ ಬಿಡಿಭಾಗಗಳನ್ನೆಲ್ಲ, ಪೂರ್ತಿ ಕೂರಿಸು ಎನ್ನುವ ಕಮಾಂಡು ಕೊಟ್ಟು ಎಂಟರ್ ಒತ್ತಿದೆ. ಪರದೆ ಓಡತೊಡಗಿತು. ಒಂದರ ಕೆಳಗೆ ಒಂದು ಸಾಲು, ಒಂದೊಂದೂ ಸರಿಹೋದ ಒಂದೊಂದು ಪ್ಯಾಕೇಜು. ಎರಡು ಕಡೆ ನಿಂತು ದೂರು ಹೇಳಿತು, ಕೊರತೆಯಿದ್ದದ್ದನ್ನು ಇಳಿಸಿಕೊಟ್ಟೆ, ಮತ್ತೆ ಓಡಿತು. ಮದುವೆ ಕಾರ್ಡು ಕೇಳಲು ಬಂದವರೊಬ್ಬರು ನಮ್ಮಿಬ್ಬರ ಮುಖ ನೋಡಿ, ಕ್ರಿಕೆಟ್ ಇರಬೇಕೆಂದು ಸ್ಕೋರು ಕೇಳಿದರು. ನಾಳೆ ಬನ್ನಿ ಎಂದು ಕೈಮುಗಿದೆ.

ಮುಕ್ಕಾಲು ಗಂಟೆ ಬಿಟ್ಟು ಎಲ್ಲ ಮುಗಿಯಿತು. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ.

ಕಪ್ಪು ಪರದೆ, ಬಿಳಿ ಅಕ್ಷರ, ಕರ್ನಲ್ ಪ್ಯಾನಿಕ್. ಬೆಳಿಗ್ಗೆ ನೋಡಿದ್ದೇ.

ಕುರ್ಚಿಗೆ ಒರಗಿ ಕೂತುಬಿಟ್ಟೆ. ಎಲ್ಲಾ ಸರಿಯಾಗಿ ಬಂದಿತ್ತಲ್ಲ. ಮತ್ತೆ ಪೆನ್‌ಡ್ರೈವ್ ಹಾಕಿ, ಡಿಸ್ಕಿನಲ್ಲಿ ಏನೇನಿದೆ ಎಂಬ ಪಟ್ಟಿ ತೆಗೆದು ಸುಮ್ಮನೆ ನೋಡುತ್ತಾ ಕೂತೆ. ತಾತ ಪರದೆಗೆ ಮುಖ ತಾಗುವಷ್ಟು ಬಗ್ಗಿದರು. ಇಂಗ್ಲಿಷ್ ಅವರಿಗೆ ಬಾರದು, ಅಂಕಿ ಬರುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದರು.

“ಇಲ್ಲಿ ಒಂದು, ಎರಡು, ಮೂರು ಅಂತೈತೆ. ಆವಾಗ್ಲಿಂದ ನೀನು ಎರಡನ್ನೇ ತೆಗೀತಿದ್ದೀಯ. ಒಂದ್ರಾಗೇನೈತೆ?”

ನಾನು ಪಟ್ಟಿ ನೋಡಿದೆ. ಮೂರನೆಯದು ಕೆಲಸಕ್ಕೆ ಬಾರದ ಖಾಲಿ ಜಾಗ. ಒಂದನೆಯದು ಬೂಟ್. ಯಂತ್ರ ಎಚ್ಚರವಾಗುವಾಗ ಮೊದಲು ಓದುವ ಸಣ್ಣ ಭಾಗ. ಯಾವತ್ತೋ ನಾನೇ ಅದನ್ನು ಬೇರೆಯಾಗಿ ಇಟ್ಟಿದ್ದೆ, ಇಟ್ಟದ್ದನ್ನೇ ಮರೆತಿದ್ದೆ. ಅದನ್ನು ತೆರೆಯದೆ ಕೆಲಸ ಮಾಡಿದ್ದರಿಂದ ಹೊಸ ಫೈಲುಗಳೆಲ್ಲ ಬೇರೆ ಕಡೆ ಹೋಗಿ ಕೂತಿದ್ದವು. ಯಂತ್ರ ನೋಡುವ ಜಾಗದಲ್ಲಿ ಏನೂ ಬದಲಾಗಿರಲಿಲ್ಲ. ತಾತನ ಕೈ ಹಿಡಿದು ಕುಲುಕಿಬಿಟ್ಟೆ. ತಾವೇನು ಹೇಳಿದೆವೆಂದು ಗೊತ್ತಾಗದೆ ಅವರು ನಕ್ಕರು.

ಒಂದನೆಯದನ್ನು ತೆರೆದು ನೋಡಿದರೆ ಅದು ಕಿಕ್ಕಿರಿದು ತುಂಬಿತ್ತು. ವರ್ಷಗಳಿಂದ ಬಂದ ಹಳೆಯ ಕರ್ನಲ್ಲುಗಳೆಲ್ಲ ಅಲ್ಲೇ ಇದ್ದವು, ಹೊಸದು ಪೂರ್ತಿ ಕೂರಲು ಜಾಗವಿರಲಿಲ್ಲ. ಒಂದನ್ನು ಬಿಟ್ಟು ಉಳಿದವನ್ನು ತೆಗೆದೆ. ಹೊಸ ಕರ್ನಲ್ಲಿಗೆ ಬೇಕಾದ ಫೈಲನ್ನು ಮತ್ತೆ ಕಟ್ಟಿಸಿದೆ, ಮೆನುವನ್ನು ಹೊಸದಾಗಿ ಬರೆಸಿದೆ. ಈ ಸಲ ಪ್ರತಿ ಸಾಲನ್ನೂ ಒಂದಕ್ಕೆ ಎರಡು ಸಲ ಓದಿದ ಮೇಲೆಯೇ ಎಂಟರ್ ಒತ್ತಿದ್ದು. ರೀಸ್ಟಾರ್ಟ್ ಬಟನ್ ಒತ್ತಲು ತಾತನಿಗೆ ಹೇಳಿದೆ. ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದರು.

ಅಕ್ಷರಗಳು ಓಡಿದವು, ಬೆಳಿಗ್ಗೆ ನಿಂತಿದ್ದ ಜಾಗವನ್ನು ದಾಟಿದವು, ಮಾಯವಾದವು. ಹೊಸ ಸಿಸ್ಟಮ್ಮಿನ ಹೊಸ ಚಿತ್ರ ಬಂತು, ನನ್ನ ಹೆಸರು ಬಂತು, ಪಾಸ್‌ವರ್ಡ್ ಕೇಳಿತು. ಮೊದಲ ಸಲ ತಪ್ಪಾಗಿ ಟೈಪ್ ಮಾಡಿದೆ, ಎರಡನೆಯ ಸಲ ಒಳಗೆ ಬಿಟ್ಟಿತು. ತಾತನ ಫೈಲು ತೆರೆದು ಪಿಡಿಎಫ್ ಮಾಡಿ ನೋಡಿದೆ. ‘ಕಾರ್ಮಿಕ’ ಪದದ ಅರ್ಕಾವತ್ತು ಎಲ್ಲಿರಬೇಕೋ ಅಲ್ಲೇ ಇತ್ತು. ನೂರ ನಲವತ್ತು ಪುಟದಲ್ಲೂ.

ಆಗ ಮೂರೂವರೆ. ಮುದ್ದೆಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಕೈ ತೊಳೆದು ಬಂದು, ಕೊನೆಯ ಅಧ್ಯಾಯ ಹೇಳಿ ತಾತ ಎಂದೆ. ಗಣಿ ಮುಚ್ಚಿದ ದಿನದ ಬಗ್ಗೆ ಹೇಳುತ್ತಾರೆಂದು ನಾನು ಕಾದಿದ್ದೆ. ಎಲ್ಲರೂ ಅದನ್ನೇ ಹೇಳುತ್ತಾರೆ, ನಾನು ಬೇರೆ ಹೇಳುತ್ತೇನೆ ಎಂದು ಅವರು ಗಣಿ ಮುಚ್ಚಿದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ಸೈಕಲ್ ಕಲಿತದ್ದನ್ನು ಶುರು ಮಾಡಿದರು. ಹೆಂಡತಿ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿ ಕಲಿಸಿದರಂತೆ, ಗಣಿಯ ಹಳದಿ ಮಣ್ಣು ಸುರಿದ ಗುಡ್ಡದ ಪಕ್ಕದ ರಸ್ತೆಯಲ್ಲಿ, ಕಾರ್ಮಿಕರ ಲೈನು ಮನೆಗಳವರೆಲ್ಲ ನೋಡುತ್ತಿರುವಾಗ. ಹೇಳುವಾಗ ಅವರಿಗೂ ನಗು, ಟೈಪ್ ಮಾಡುವಾಗ ನನಗೂ ನಗು. ಐದೂವರೆಯ ರೈಲಿಗೆ ಹೊರಟಾಗ ಪುಸ್ತಕ ಮುಗಿದಿತ್ತು. ಶನಿವಾರ ಪ್ರೆಸ್ಸಿಗೆ ಕೊಟ್ಟೆ.

ಮುಂದಿನ ಗುರುವಾರ ಕೆಲಸವಿಲ್ಲದಿದ್ದರೂ ತಾತ ಬಂದರು, ಜೊತೆಗೆ ಅವರ ಬೀದಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು. ಒಬ್ಬರಿಗೆ ತಮಗೆ ಬರುವ ಸೋಬಾನೆ ಪದಗಳನ್ನು ಟೈಪ್ ಮಾಡಿಸಬೇಕಿತ್ತು. ಇನ್ನೊಬ್ಬರ ಕೈಯಲ್ಲಿ ಟವಲಿನಲ್ಲಿ ಸುತ್ತಿದ ಮೊಮ್ಮಗಳ ಲ್ಯಾಪ್‌ಟಾಪ್ ಇತ್ತು. ಒಂದು ತಿಂಗಳಿಂದ ಆನ್ ಆಗುತ್ತಿಲ್ಲವಂತೆ, ಏನೋ ಅಪ್‌ಡೇಟ್ ಮಾಡಲು ಹೋಗಿ ಹೀಗಾಯಿತಂತೆ. ಪದಗಳಿಗೆ ಸ್ವಲ್ಪ ಹೊತ್ತು ಕಾಯಬೇಕು ಅಕ್ಕ ಎಂದು ಹೇಳಿ, ನಾನು ಎರಡೂ ಕೈ ಚಾಚಿ ಲ್ಯಾಪ್‌ಟಾಪನ್ನು ತೆಗೆದುಕೊಂಡೆ.