ಪರದೆ ಮಬ್ಬಾಗಿದೆ ಎಂದು ಬಂದವರು

ಲ್ಯಾಪ್‌ಟಾಪ್ ರಿಪೇರಿಗೆ ತರುವವರ ಮೊದಲ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ತಳ್ಳಿಹಾಕುವುದೂ ಇಲ್ಲ. ‘ತಾನಾಗಿಯೇ ನಿಂತುಹೋಯಿತು’ ಎನ್ನುತ್ತಾರೆ. ಸ್ಕ್ರೂ ಬಿಚ್ಚಿದರೆ ಒಳಗೆ ಚೆಲ್ಲಿದ ಚಹಾ ಒಣಗಿ ಅಂಟಂಟಾಗಿರುತ್ತದೆ. ‘ಎಲ್ಲೂ ಬಿದ್ದಿಲ್ಲ’ ಎನ್ನುತ್ತಾರೆ. ಮೂಲೆ ಜಜ್ಜಿಹೋಗಿರುತ್ತದೆ. ಅವರು ಸುಳ್ಳರು ಎಂದಲ್ಲ. ಹಾಳಾದದ್ದು ತನ್ನ ಕೈಯಿಂದ ಎಂದು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ಅದಕ್ಕೇ ನಾನು ಅವರ ಮಾತು ಕೇಳುತ್ತಲೇ ಯಂತ್ರವನ್ನು ತಿರುಗಿಸಿ, ಮುಟ್ಟಿ, ಮೂಸಿ ನೋಡುತ್ತಿರುತ್ತೇನೆ.

ನನ್ನ ಅಂಗಡಿ ಕಾಶಿಯ ಜಂಗಮವಾಡಿಯ ಒಂದು ಗಲ್ಲಿಯಲ್ಲಿದೆ. ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟು ಜಾಗ. ಹುಟ್ಟಿದ್ದು, ಬೆಳೆದದ್ದು ಹನುಮಾನ್ ಘಾಟಿನಲ್ಲಿ. ಅಜ್ಜ ಅಲ್ಲಿ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದರು. ಹೊಸ್ತಿಲೊಳಗೆ ಕನ್ನಡ, ಹೊರಗೆ ಹಿಂದಿ, ಹೀಗೆ ಬೆಳೆದವಳು ನಾನು. ಅಂಗಡಿಗೆ ಬರುವವರು ಹೆಚ್ಚಾಗಿ ಕಾಲೇಜು ಹುಡುಗರು, ಸೀರೆ ವ್ಯಾಪಾರಿಗಳು. ಆದ್ದರಿಂದ ಬಾಗಿಲಲ್ಲಿ ಒಂದು ಬೇಸಿಗೆಯ ಬೆಳಿಗ್ಗೆ ‘ಕನ್ನಡ ಬರತೈತೇನವ್ವಾ?’ ಎಂಬ ದನಿ ಕೇಳಿದಾಗ ನನ್ನ ಕೈ ಹಾಗೇ ನಿಂತಿತು.

ಇಳಕಲ್ ಸೀರೆ ಉಟ್ಟ ವಯಸ್ಸಾದ ಹೆಂಗಸು. ಗದಗದ ಕಡೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವರು. ಅವರ ಕಡೆ ಹೆಣ್ಣು ಟೀಚರನ್ನು ಅಕ್ಕೋರು ಎಂದು ಕರೆಯುತ್ತಾರೆ. ಇಲ್ಲಿಯೂ ಎಲ್ಲರಿಗೂ ಅವರು ಅಕ್ಕೋರೇ. ಬಂಗಾಲಿ ಟೋಲಾದ ಒಂದು ಯಾತ್ರಿನಿವಾಸದಲ್ಲಿ, ಕಾಶಿಯಲ್ಲೇ ಕಣ್ಣುಮುಚ್ಚಬೇಕೆಂದು ಬಂದ ನಮ್ಮ ಕಡೆಯ ವಿಧವೆಯರ ಜೊತೆ ಇದ್ದರು. ದಿನವೂ ಸಂಜೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಪೇಪರು ತೆಗೆದು ಅವರಿಗೆಲ್ಲ ಓದಿ ಹೇಳುತ್ತಿದ್ದರಂತೆ.

‘ಪರದೆ ಮಬ್ಬ ಆಗೇತಿ ತಂಗಿ. ದಿನದಿಂದ ದಿನಕ್ಕ ಹೆಚ್ಚಾಗಾಕತ್ತೇತಿ. ಬದಲಿಸಿಬಿಡು.’

‘ಮೊದಲು ನೋಡ್ತೀನಿ ಅಕ್ಕೋರೇ. ಸುಮ್ನೆ ಬದಲಿಸೋದು ಬೇಡ.’

ಆನ್ ಮಾಡಿದೆ. ಪರದೆ ಸ್ವಚ್ಛವಾಗಿ ಬೆಳಗಿತು. ಬೆಳಕನ್ನು ಆಗಲೇ ಪೂರ್ತಿ ಏರಿಸಿಟ್ಟಿದ್ದರು. ಕೆಲವು ಯಂತ್ರಗಳು ಬಿಸಿಯಾದ ಮೇಲೆ ಮಂಕಾಗುತ್ತವೆ ಎಂದು ಬಹಳ ಹೊತ್ತು ಉರಿಯಬಿಟ್ಟೆ. ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿ, ಒಳಗಿನ ಕೇಬಲ್ ಸಡಿಲವಾಗಿದೆಯೇ ಎಂದು ನೋಡಿದೆ. ಏನೂ ಇಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಚಾರ್ಜರ್ ಚುಚ್ಚುವ ತೂತು. ಅದರ ಸುತ್ತ ಗೀರುಗಳು, ಒಂದರ ಮೇಲೊಂದು. ಆತುರದವರು ಚುಚ್ಚಿದರೆ ಒಂದೇ ಬದಿಗೆ ಗೀರು ಬೀಳುತ್ತದೆ. ಇಲ್ಲಿ ನಾಲ್ಕೂ ಬದಿಗೆ ಬಿದ್ದಿದ್ದವು. ತೂತು ಎಲ್ಲಿದೆ ಎಂದು ಯಾರೋ ದಿನವೂ ತಡಕಾಡಿದ್ದರು.

ಅನುಮಾನ ಬಂದಾಗ ಮಾಡುವ ಕೆಲಸ ಒಂದೇ: ಸರಿಯಿದೆ ಎಂದು ಗೊತ್ತಿರುವ ಇನ್ನೊಂದನ್ನು ಪಕ್ಕಕ್ಕಿಟ್ಟು ನೋಡುವುದು. ನನ್ನ ದೊಡ್ಡ ಮಾನಿಟರಿಗೆ ಅವರ ಲ್ಯಾಪ್‌ಟಾಪನ್ನು ಜೋಡಿಸಿದೆ. ಅದೇ ಪೇಪರು ಎರಡರಲ್ಲೂ ಮೂಡಿತು.

‘ಇದರಲ್ಲಿ ಹೇಗೆ ಕಾಣ್ಸತ್ತೆ, ಅಕ್ಕೋರೇ?’

ಅವರು ಬಗ್ಗಿ ನೋಡಿದರು. ಕುತ್ತಿಗೆ ಓರೆ ಮಾಡಿ ಇನ್ನೊಮ್ಮೆ ನೋಡಿದರು.

‘ಇದೂ ಮಬ್ಬ ಐತಿ.’

ಹೇಳಬೇಕಾದ್ದನ್ನು ಅವರೇ ಹೇಳಿಬಿಟ್ಟಿದ್ದರು. ಮಾನಿಟರಿನಿಂದ ಕಣ್ಣು ತೆಗೆಯದೆಯೇ ‘ಹಂಗಾದ್ರ ಇದರಾಗ ಏನೂ ತಪ್ಪಿಲ್ಲ’ ಎಂದರು. ನಾನು ಕೇಬಲ್ ತೆಗೆಯುವಷ್ಟರಲ್ಲಿ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಗೋಡೆಗೆ ಕೈ ಕೊಟ್ಟು ಗಲ್ಲಿಗೆ ಇಳಿದುಬಿಟ್ಟರು. ಅವರು ಹೋದ ಮೇಲೆ ನೋಡಿದರೆ ಚಾರ್ಜರ್ ಮೇಜಿನ ಮೇಲೇ ಇತ್ತು.

ಮರುದಿನ ಸಂಜೆ ಅದನ್ನು ಕೊಡಲು ಬಂಗಾಲಿ ಟೋಲಾಕ್ಕೆ ಹೋದೆ. ಯಾತ್ರಿನಿವಾಸದ ಒಳ ಅಂಗಳದಲ್ಲಿ ಹೆಂಗಸರು ಚಾಪೆ ಹಾಸಿ ಕೂತಿದ್ದರು. ಒಬ್ಬರು ಬತ್ತಿ ಹೊಸೆಯುತ್ತಿದ್ದರು. ನಡುವೆ ಅಕ್ಕೋರು, ತೊಡೆಯ ಮೇಲೆ ಲ್ಯಾಪ್‌ಟಾಪ್. ಶಾಲೆಯಲ್ಲಿ ಪಾಠ ಹೇಳಿದ ಗಟ್ಟಿ ದನಿಯಲ್ಲಿ ಓದುತ್ತಿದ್ದರು.

‘ತುಂಗಭದ್ರಾ ಡ್ಯಾಂ ತುಂಬೇತಿ. ಕಾಲುವೆಗೆ ನೀರು ಬಿಟ್ಟಾರ. ರಾಯಚೂರ ಕಡೆ ಮಳಿ ಚಲೋ ಆಗೇತಿ.’

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಪರದೆಯ ಮೇಲೆ ಇದ್ದದ್ದು ಒಂದು ಕಾರಿನ ಜಾಹೀರಾತು, ಪುಟದ ತುಂಬ.

ಚಾರ್ಜರನ್ನು ಪಕ್ಕದ ಕಟ್ಟೆಯ ಮೇಲಿಟ್ಟು ಹೊರಟೆ. ಅಕ್ಕೋರ ಕೋಣೆಯಲ್ಲೇ ಇರುತ್ತಿದ್ದ, ಎಲ್ಲರೂ ಆಯಿ ಎನ್ನುತ್ತಿದ್ದ ರಾಯಚೂರು ಕಡೆಯ ಮುದುಕಿ ಬಾಗಿಲ ತನಕ ನನ್ನ ಹಿಂದೆಯೇ ಬಂದರು.

‘ನೀ ನೋಡಿದಿ ಹೌದಿಲ್ಲೋ?’

ತಲೆಯಾಡಿಸಿದೆ.

‘ನಮಗೂ ಗೊತ್ತೈತಿ. ಇಂಥ ಬ್ಯಾಸಿಗ್ಯಾಗ ಯಾವ ಡ್ಯಾಂ ತುಂಬತೈತಿ? ಹೋಳಿ ಆದಾಗಿಂದ ಆಕಿ ಪೇಪರಿನ್ಯಾಗ ನಮ್ಮೂರಾಗ ಒಬ್ರೂ ಸತ್ತಿಲ್ಲ, ಬರೀ ಮಳಿ, ಬರೀ ಬೆಳಿ. ಕೇಳಿದ್ರ ಆಕಿ ಓದೂದ ಬಿಟ್ಟಾಳು ಅಂತ ಸುಮ್ಕದೀವಿ.’

‘ಅವರ ಕಣ್ಣಲ್ಲಿ ಪೊರೆ ಬಂದಿರಬೇಕು, ಆಯಿ. ಡಾಕ್ಟರ್‌ಗೆ ತೋರಿಸಿದ್ರೆ ಸರಿಹೋಗಬಹುದು. ನೀವು ಹೇಳಿ.’

‘ನಾ ಹೇಳಿದ್ರ ಜಗಳಾಗತೈತಿ. ಮಿಷಿನ್ ನೋಡಿದಾಕಿ ನೀನು. ನೀನೇ ಹೇಳು ಬಾ.’ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಬೇರೆ ಹೆಂಗಸರು ಆರತಿಗೆಂದು ಎದ್ದುಹೋದ ಮೇಲೆ ಅಕ್ಕೋರ ಎದುರು ಕೂತು ಹೇಳಿದೆ. ಚಾರ್ಜರ್ ತೂತಿನ ಸುತ್ತಲಿನ ಗೀರುಗಳ ಬಗ್ಗೆ ಹೇಳಿದೆ. ಪೊರೆ ಇರಬಹುದು, ಬೇರೆಯದೂ ಇರಬಹುದು, ನಾನು ಡಾಕ್ಟರಲ್ಲ, ತೋರಿಸಿದರೆ ತಿಳಿಯುತ್ತದೆ ಎಂದೆ. ಅವರು ಆ ಗೀರುಗಳ ಮೇಲೆ ಬೆರಳಾಡಿಸುತ್ತ ಕೇಳಿದರು.

‘ನಾ ಇಲ್ಲಿಗೆ ಬಂದದ್ದು ಸಾಯಾಕ, ತಂಗಿ. ಹೊಂಟು ನಿಂತಾಕಿಗೆ ಹೊಸಾ ಕಣ್ಣ್ಯಾಕ?’

ಈ ಊರಲ್ಲಿ ಆ ಮಾತಿಗೆ ತಕ್ಷಣ ಎದುರಾಡುವುದು ಕಷ್ಟ. ಉತ್ತರ ಕೊಟ್ಟದ್ದು ಆಯಿ.

‘ಸಾಯಾಕ ಬಂದು ಎಷ್ಟ ವರ್ಷಾತು? ಸತ್ತಿಯೇನು? ಅಲ್ಲೀತನಕ ಗ್ವಾಡಿ ಹಿಡಕೊಂಡ ಅಡ್ಡಾಡ್ತೀಯಾ? ಘಾಟಿನ ಮೆಟ್ಟಿಲಿಂದ ಬಿದ್ದು ಕಾಲು ಮುರಕೊಂಡ್ರ ನಿನ್ನ ಎತ್ತಾಕಿ ನಾನು. ನನ್ನ ಕೈಲಿ ಆಗೂದಿಲ್ಲ. ಮತ್ತ, ಆ ಡ್ಯಾಂ ತುಂಬಿಸಿದ್ದು ಸಾಕವ್ವಾ. ಇನ್ನೂ ತುಂಬಿಸಿದ್ರ ಒಡದ ಹೋಗತೈತಿ.’

ಅಕ್ಕೋರ ಮುಖ ಕೆಂಪಾಯಿತು. ‘ನಿಮಗೆಲ್ಲಾ ಗೊತ್ತಿತ್ತಾ?’ ಎಂದರು, ಬಹಳ ಸಣ್ಣ ದನಿಯಲ್ಲಿ. ಆಯಿ ‘ಹೂಂ’ ಎಂದರು. ಅಕ್ಕೋರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಭುಜ ಕುಲುಕುವುದನ್ನು ನೋಡಿದ ಮೇಲೆ ನಗುವೂ ಬೆರೆತಿದೆ ಎಂದು ತಿಳಿಯಿತು. ಆಯಿ ಹತ್ತಿರ ಸರಿದು ಬೆನ್ನ ಮೇಲೆ ಕೈ ಇಟ್ಟು ಕೂತರು.

ಪೊರೆಯೇ ಆಗಿತ್ತು, ಎರಡೂ ಕಣ್ಣಿಗೆ. ಮೊದಲ ಕಣ್ಣಿನ ಆಪರೇಷನ್ನಿನ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಆಸ್ಪತ್ರೆಯಲ್ಲಿ ಮಾತೆಲ್ಲ ಹಿಂದಿ. ಅಕ್ಕೋರಿಗೆ ಪೇಟೆಯ ಹಿಂದಿ ಬರುತ್ತಿತ್ತೇ ಹೊರತು ಡಾಕ್ಟರ ಹಿಂದಿಯಲ್ಲ. ನಾನು ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಿದೆ. ಡಾಕ್ಟರು ‘ಎಷ್ಟು ದಿನದಿಂದ ಕಾಣುತ್ತಿಲ್ಲ’ ಎಂದು ಕೇಳಿದಾಗ ಅಕ್ಕೋರು, ‘ಈಗೀಗ ಸ್ವಲ್ಪ’ ಎಂದರು. ನನಗೆ ನಗು ಬಂತು. ಡಾಕ್ಟರಿಗೂ ಬಂತು. ಅವರೂ ದಿನವೂ ಇಂಥದ್ದೇ ಕೇಳುತ್ತಿರಬೇಕು.

ಮರುದಿನ ಪಟ್ಟಿ ಬಿಚ್ಚಿದರು. ಟೋಟೋದಲ್ಲಿ ಕರೆದುಕೊಂಡು ಬರುವಾಗ, ಆ ಬ್ಯಾಟರಿ ರಿಕ್ಷಾ ನಿಂತಲ್ಲೆಲ್ಲ ಕಪ್ಪು ಕನ್ನಡಕದೊಳಗಿಂದಲೇ ಅಂಗಡಿಗಳ ಬೋರ್ಡುಗಳನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಹಲ್ಲಿನ ಡಾಕ್ಟರು, ಲಸ್ಸಿ, ಜ್ಯೋತಿಷ್ಯ. ಅಲ್ಲೇ ಇಳಿಯಬೇಕೇನೋ ಎಂದು ಡ್ರೈವರ್ ಗಾಬರಿಯಿಂದ ತಿರುಗಿ, ‘ಕಹಾಂ ಉತರ್‌ನಾ ಹೈ, ಮಾತಾಜೀ?’ ಎಂದ. ‘ಚಲೋ, ಚಲೋ’ ಎಂದರು ಅಕ್ಕೋರು.

ಆ ವಾರವೆಲ್ಲ ಪರದೆ ನೋಡಬಾರದೆಂದು ಲ್ಯಾಪ್‌ಟಾಪನ್ನು ನನ್ನ ಅಂಗಡಿಯಲ್ಲೇ ಇಟ್ಟುಕೊಂಡೆ. ಸಡಿಲವಾಗಿದ್ದ ಚಾರ್ಜರ್ ತೂತು ಬದಲಿಸಿ, ಕೀಬೋರ್ಡಿನ ಸಂದಿಯ ಧೂಳು ತೆಗೆದು, ವಾರ ಕಳೆದ ಮೇಲೆ ಒಂದು ಸಂಜೆ ಒಯ್ದು ಕೊಟ್ಟೆ. ಅಂಗಳ ಅವತ್ತು ತುಂಬಿತ್ತು. ಅಕ್ಕೋರು ಪೇಪರು ತೆಗೆದು ಮೊದಲ ಪುಟ ನೋಡಿ ತಡೆದರು. ಸುತ್ತಲೂ ಒಮ್ಮೆ ಕಣ್ಣಾಡಿಸಿದರು. ರಾಯಚೂರಿನ ಕಡೆ ಇನ್ನೂ ಮಳೆಯಿಲ್ಲ, ಕುಡಿಯುವ ನೀರಿಗೂ ಪರದಾಟ ಎಂದು ಬರೆದಿತ್ತು. ಅದನ್ನೇ ಓದಿದರು, ಒಂದಕ್ಷರ ಬಿಡದೆ.

ಆಯಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ‘ನಮ್ಮೂರ ಹೆಸರು ಐತೇನ ಅದರಾಗ?’ ಎಂದರು.

ಅಕ್ಕೋರು ಬಗ್ಗಿ ಹುಡುಕತೊಡಗಿದರು.